ಸಿಟಿ ಹಾಲ್‌ನಿಂದ ಕ್ವೀನ್ಸ್ ಪಾರ್ಕ್‌ಗೆ: ಪುಟ್ಟ ಊರಿನ ಮೇಯರ್ ಪ್ರಾಂತ್ಯದ ಮಂತ್ರಿಯಾದಾಗ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಬ್ರಾಕ್‌ವಿಲ್ ಅಂತ ಒಂದು ಊರಿದೆ. ಸೇಂಟ್ ಲಾರೆನ್ಸ್ ನದಿಯ ದಡದಲ್ಲಿದೆ. ನದಿಯ ಆಚೆ ದಡ ಅಮೆರಿಕ. ಈ ಊರಿನ ಸಿಟಿ ಹಾಲ್ ಕಟ್ಟಡದ ಅಡಿಯಲ್ಲೇ ಒಂದು ರೈಲು ಸುರಂಗ ಹಾದುಹೋಗುತ್ತದೆ. ಕೆನಡಾದ ಮೊಟ್ಟಮೊದಲ ರೈಲು ಸುರಂಗ ಅದು. 1860ರ ಡಿಸೆಂಬರ್ 31ರಂದು ಶುರುವಾಯಿತು. ಉದ್ದ ಅರ್ಧ ಕಿಲೋಮೀಟರ್‌ಗಿಂತ ಒಂಚೂರು ಜಾಸ್ತಿ. ಈಗ ಅಲ್ಲಿ ರೈಲು ಓಡುವುದಿಲ್ಲ. ಒಳಗೆ ಬಣ್ಣದ ದೀಪ ಹಾಕಿ, 2017ರಿಂದ ಜನರಿಗೆ ನಡೆದು ನೋಡಲು ಬಿಟ್ಟಿದ್ದಾರೆ.

ಆ ಸುರಂಗದ ಮೇಲಿರುವ ಕಟ್ಟಡಕ್ಕೆ 1982ರಲ್ಲಿ 22 ವರ್ಷದ ಹುಡುಗನೊಬ್ಬ ಮೇಯರ್ ಆಗಿ ಬಂದ. ಹೆಸರು ಸ್ಟೀವ್ ಕ್ಲಾರ್ಕ್. ಆಗ ಇಡೀ ಕೆನಡಾದಲ್ಲೇ ಅತಿ ಕಿರಿಯ ಮೇಯರ್ ಅವರು. 36 ವರ್ಷ ಕಳೆದ ಮೇಲೆ, 2018ರಲ್ಲಿ, ಅದೇ ಕ್ಲಾರ್ಕ್ ಒಂಟಾರಿಯೊದ ಅಷ್ಟೂ ಊರುಗಳ ಆಡಳಿತ ನೋಡಿಕೊಳ್ಳುವ ಮಂತ್ರಿಯಾದರು. ಐದು ವರ್ಷಕ್ಕೆ ಆ ಕುರ್ಚಿ ಬಿಡಬೇಕಾಯಿತು.

ಈ ಕಥೆ ಈಗ ಯಾಕೆ? ಎರಡು ಕಾರಣ ಇದೆ. ಒಂಟಾರಿಯೊದಲ್ಲಿ 2026ರ ಅಕ್ಟೋಬರ್ 26ಕ್ಕೆ ಎಲ್ಲ ಊರುಗಳಿಗೂ ಒಂದೇ ದಿನ ಸ್ಥಳೀಯ ಚುನಾವಣೆ. ಅಲ್ಲಿ ನೆಲೆ ನಿಂತು ಪೌರತ್ವ ಪಡೆದ ಕನ್ನಡಿಗರು ಆವತ್ತು ಮೇಯರ್‌ಗೆ ಓಟು ಹಾಕುತ್ತಾರೆ. ಇತ್ತ ಬೆಂಗಳೂರು 2025ರಲ್ಲಿ ಐದು ಪಾಲಿಕೆಗಳಾಗಿ ಒಡೆದ ಮೇಲೆ, ಮೇಯರ್ ಅಂದರೆ ಯಾರು, ಅವರ ಕೈಯಲ್ಲಿ ನಿಜವಾಗಿ ಏನಿರುತ್ತದೆ ಅನ್ನುವ ಪ್ರಶ್ನೆ ಇಲ್ಲೂ ಎದ್ದಿದೆ. ಊರು ಮತ್ತು ಪ್ರಾಂತ್ಯದ ನಡುವೆ ಅಧಿಕಾರ ಹೇಗೆ ಹಂಚಿಕೆಯಾಗಿದೆ ಎಂದು ತಿಳಿಯಲು ಕ್ಲಾರ್ಕ್ ಅವರ ಬದುಕು ಒಳ್ಳೆಯ ದಾರಿ. ಯಾಕೆಂದರೆ ಅವರು ಈ ಗೆರೆಯ ಎರಡೂ ಕಡೆ ನಿಂತವರು.

ಮೊದಲು, ಅಲ್ಲಿಯ ಮೇಯರ್ ಅಂದರೆ ಯಾರು?

ಬ್ರಾಕ್‌ವಿಲ್ ಜನಸಂಖ್ಯೆ ಸುಮಾರು 22,000. ಕರ್ನಾಟಕದಲ್ಲಿ ಇಷ್ಟು ಜನ ಇರುವ ಊರಿಗೆ ಪುರಸಭೆ ಇರುತ್ತದೆ. ಅದಕ್ಕೆ ಮೇಯರ್ ಇರುವುದಿಲ್ಲ, ಅಧ್ಯಕ್ಷರು ಇರುತ್ತಾರೆ. ಆ ಅಧ್ಯಕ್ಷರನ್ನು ಗೆದ್ದು ಬಂದ ಸದಸ್ಯರು ಆರಿಸುತ್ತಾರೆ. ಮೀಸಲಾತಿ ಪಟ್ಟಿ ಬರಬೇಕು, ಪಕ್ಷಗಳ ಬಲಾಬಲ ನೋಡಬೇಕು, ಅದಾದ ಮೇಲೆ ಅಧ್ಯಕ್ಷರು.

ಒಂಟಾರಿಯೊದಲ್ಲಿ ಹಾಗಲ್ಲ. ಊರು ಚಿಕ್ಕದಿರಲಿ ದೊಡ್ಡದಿರಲಿ, ಮೇಯರ್‌ಗೆ ಊರಿನವರೆಲ್ಲ ನೇರವಾಗಿ ಓಟು ಹಾಕುತ್ತಾರೆ. ಇನ್ನೊಂದು ವಿಷಯ ನಮಗೆ ಹೊಸದು. ಸ್ಥಳೀಯ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗೂ ಪಕ್ಷದ ಚಿಹ್ನೆ ಇಲ್ಲ, ಅಲ್ವಾ? ಅದೇ ರೀತಿ. ಆದರೆ ಅಲ್ಲಿ ಟೊರಾಂಟೊದಂಥ ಮಹಾನಗರಕ್ಕೂ ಇದೇ ನಿಯಮ.

ಹಾಗಾದರೆ ಮೇಯರ್ ದೊರೆಯೇ? ಇಲ್ಲ. ಕ್ಲಾರ್ಕ್ ಮೇಯರ್ ಆಗಿದ್ದ ಕಾಲದಲ್ಲಂತೂ ಖಂಡಿತ ಇಲ್ಲ. ಊರಿನ ತೀರ್ಮಾನ ಮಾಡುವುದು ಕೌನ್ಸಿಲ್. ಮೇಯರ್ ಅದರ ಸಭೆ ನಡೆಸುತ್ತಾರೆ, ಊರಿನ ಪರವಾಗಿ ಮಾತಾಡುತ್ತಾರೆ. ಓಟು ಮಾತ್ರ ಒಂದೇ, ಉಳಿದ ಸದಸ್ಯರಿಗೆ ಇರುವಷ್ಟೇ. ಹತ್ತು ಜನರ ಮುಂದೆ ಹೇಳಿ ಒಪ್ಪಿಸಿದರೆ ಕೆಲಸ ಆಗುತ್ತದೆ. ಒಪ್ಪಿಸಲು ಆಗದಿದ್ದರೆ ಮೇಯರ್ ಆದರೂ ಸುಮ್ನೆ ಕೂರಬೇಕು.

ಕುಡಿಯುವ ನೀರು, ಒಳಚರಂಡಿ, ಊರಿನ ರಸ್ತೆ, ಕಸ, ಅಗ್ನಿಶಾಮಕ ದಳ, ಪಾರ್ಕು, ಲೈಬ್ರರಿ ಇವೆಲ್ಲ ಕೌನ್ಸಿಲ್ ಕೆಲಸ. ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅನ್ನುವ ಜಾಗದ ನಿಯಮವೂ ಅದರ ಕೈಯಲ್ಲೇ. ಅಲ್ಲಿ ಇದನ್ನು ಝೋನಿಂಗ್ ಅನ್ನುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಹಣದ ಮುಖ್ಯ ಮೂಲ ಆಸ್ತಿ ತೆರಿಗೆ. ದಿನದ ಖರ್ಚಿಗೆ ಸಾಲ ಮಾಡಿ ಕೊರತೆ ಬಜೆಟ್ ಮಂಡಿಸಲು ಕಾನೂನು ಬಿಡುವುದಿಲ್ಲ. ರಸ್ತೆಯ ಹಿಮ ತೆಗೆಯಲು ಜಾಸ್ತಿ ಖರ್ಚಾದರೆ ಬೇರೆ ಎಲ್ಲೋ ಕಡಿಮೆ ಮಾಡಬೇಕು, ಇಲ್ಲ ತೆರಿಗೆ ಏರಿಸಬೇಕು. ತೆರಿಗೆ ಏರಿಸಿದ ಮೇಯರ್ ಮರುದಿನ ಅದೇ ಜನರ ಜೊತೆ ಅಂಗಡಿಯಲ್ಲಿ ಸಾಲು ನಿಲ್ಲಬೇಕು. 22,000 ಜನರ ಊರಿನಲ್ಲಿ ತಲೆತಪ್ಪಿಸಿಕೊಳ್ಳಲು ಜಾಗ ಇಲ್ಲ.

ಕ್ಲಾರ್ಕ್ ಮೂರು ಅವಧಿ ಮೇಯರ್ ಆಗಿದ್ದರು, 1982ರಿಂದ 1991ರ ವರೆಗೆ. ಆಗ ಒಂದು ಅವಧಿ ಅಂದರೆ ಮೂರು ವರ್ಷ. ಈಗ ಅದು ನಾಲ್ಕು ವರ್ಷ.

ಒಂದು ಬಾವುಟ, ಒಂದು ಪುಟ್ಟ ಊರು

ಚಿಕ್ಕ ಊರು ಅಂದರೆ ಬರೀ ನಲ್ಲಿ, ಚರಂಡಿ ಅಂದುಕೊಳ್ಳುವುದು ಬೇಡ. ದೇಶದ ಜಗಳ ಬಂದು ಊರಿನ ಬಾಗಿಲು ತಟ್ಟುವುದೂ ಉಂಟು. ಬ್ರಾಕ್‌ವಿಲ್‌ಗೆ ಅದು 1989ರ ಸೆಪ್ಟೆಂಬರ್‌ನಲ್ಲಿ ಬಂತು.

ಒಂಟಾರಿಯೊದಲ್ಲಿ ಇಂಗ್ಲಿಷ್ ಮಾತಾಡುವವರೇ ಜಾಸ್ತಿ. ಪಕ್ಕದ ಕ್ವಿಬೆಕ್‌ನಲ್ಲಿ ಫ್ರೆಂಚ್. ಒಂಟಾರಿಯೊ ಒಳಗೂ ಫ್ರೆಂಚ್ ಮನೆಮಾತಿನವರು ಲಕ್ಷಾಂತರ ಜನ ಇದ್ದಾರೆ. ಅವರು ಹೆಚ್ಚಾಗಿರುವ ಕಡೆ ಸರ್ಕಾರಿ ಸೇವೆ ಫ್ರೆಂಚ್‌ನಲ್ಲೂ ಸಿಗಬೇಕು ಎಂದು ಪ್ರಾಂತ್ಯ 1986ರಲ್ಲಿ ಕಾನೂನು ಮಾಡಿತು. ಕೆಲವರಿಗೆ ಇದು ಹಿಡಿಸಲಿಲ್ಲ. ಇಂಗ್ಲಿಷ್ ಉಳಿಸಬೇಕು ಎನ್ನುವ ಒಂದು ಸಂಘಟನೆಯ ಕೆಲವರು ಬ್ರಾಕ್‌ವಿಲ್‌ನಲ್ಲಿ ಸೇರಿ ಕ್ವಿಬೆಕ್‌ನ ಬಾವುಟವನ್ನು ಕಾಲಲ್ಲಿ ತುಳಿದರು.

ಅಲ್ಲಿದ್ದವರು ಕೆಲವೇ ಜನ. ಆದರೆ ಕ್ಯಾಮೆರಾ ಇತ್ತು. ಕ್ವಿಬೆಕ್‌ಗೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡಬೇಕೇ ಬೇಡವೇ ಎಂದು ದೇಶವೆಲ್ಲ ಜಗಳ ಆಡುತ್ತಿದ್ದ ಹೊತ್ತು ಅದು. ಆ ದೃಶ್ಯವನ್ನು ಕ್ವಿಬೆಕ್ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಬ್ರಾಕ್‌ವಿಲ್ ಎಂದರೆ ಬಾವುಟ ತುಳಿದ ಊರು ಎಂಬ ಹೆಸರು ಅಂಟಿಕೊಂಡಿತು. ಕಾವೇರಿ ಗಲಾಟೆಯ ಹೊತ್ತಿನಲ್ಲಿ ಯಾವುದೋ ಒಂದು ಬೀದಿಯ ವಿಡಿಯೋ ಎರಡೂ ರಾಜ್ಯಗಳಲ್ಲಿ ಬೆಂಕಿ ಹಚ್ಚಿದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಮಾಡಿದ್ದು ಪ್ರಾಂತ್ಯ, ಸಂವಿಧಾನದ ಚರ್ಚೆ ದೇಶದ್ದು, ಹೆಸರು ಕೆಟ್ಟಿದ್ದು ಊರಿನದು. ಆ ಹೊತ್ತಿಗೆ ಊರಿನ ಮೇಯರ್‌ಗೆ 29 ವರ್ಷ. ಮೇಯರ್ ಹುದ್ದೆಯ ಇತಿ ಮಿತಿ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲೇ.

ಗೆದ್ದವರ ಮೇಜು, ನೌಕರರ ಮೇಜು

1991ರಲ್ಲಿ ಮೇಯರ್ ಹುದ್ದೆ ಮುಗಿಯಿತು. ಶಾಸಕರಾಗಿದ್ದು 2010ರಲ್ಲಿ. ನಡುವೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ರಾಜಕಾರಣಿಗಳ ಬಗ್ಗೆ ಬರೆಯುವಾಗ ಇಂಥ ಕಾಲವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಮಗೆ ಇಲ್ಲೂ ಕಲಿಯುವುದಿದೆ.

ಕ್ಲಾರ್ಕ್ ಪಕ್ಕದ ಲೀಡ್ಸ್ ಅಂಡ್ ಥೌಸಂಡ್ ಐಲ್ಯಾಂಡ್ಸ್ ಎಂಬ ಟೌನ್‌ಶಿಪ್‌ನಲ್ಲಿ ಮುಖ್ಯ ಆಡಳಿತಾಧಿಕಾರಿಯಾಗಿ ಕೆಲಸ ಮಾಡಿದರು. ಟೌನ್‌ಶಿಪ್ ಅಂದರೆ ಹಳ್ಳಿ, ಹೊಲ, ಸಣ್ಣ ಪೇಟೆ ಎಲ್ಲ ಸೇರಿದ ಸ್ಥಳೀಯ ಆಡಳಿತ. ನಮ್ಮ ಪುರಸಭೆಯ ಮುಖ್ಯಾಧಿಕಾರಿ ಇರುತ್ತಾರಲ್ಲ, ಫೈಲಿಗೆ ಸಹಿ ಹಾಕುವವರು, ನೌಕರರಿಗೆ ಕೆಲಸ ಹಂಚುವವರು, ಹೆಚ್ಚುಕಡಿಮೆ ಅದೇ ಹುದ್ದೆ. ಕೌನ್ಸಿಲ್ ತೀರ್ಮಾನ ಮಾಡುತ್ತದೆ, ಈ ಅಧಿಕಾರಿ ಅದನ್ನು ಜಾರಿ ಮಾಡುತ್ತಾರೆ. ಮೊದಲು ಗೆದ್ದು ಬಂದವರ ಮೇಜಿನಲ್ಲಿ ಕೂತವರು, ಆಮೇಲೆ ನೌಕರರ ಮೇಜಿನಲ್ಲಿ ಕೂತರು.

ಆ ಟೌನ್‌ಶಿಪ್ ಹುಟ್ಟಿದ್ದೇ 2001ರಲ್ಲಿ, ಮೂರು ಹಳೆಯ ಟೌನ್‌ಶಿಪ್‌ಗಳನ್ನು ಸೇರಿಸಿ. 1990ರ ದಶಕದ ಮಧ್ಯದಲ್ಲಿ ಒಂಟಾರಿಯೊದಲ್ಲಿ ಇಂಥ ಸ್ಥಳೀಯ ಆಡಳಿತಗಳು 800ಕ್ಕಿಂತ ಹೆಚ್ಚು ಇದ್ದವು. ಕೆಲವೇ ವರ್ಷಗಳಲ್ಲಿ ಅವು ಹತ್ತಿರ ಹತ್ತಿರ ಅರ್ಧಕ್ಕಿಳಿದವು. ಈಗ 444 ಇವೆ. ಟೊರಾಂಟೊ ನಗರವನ್ನೂ 1998ರ ಜನವರಿ 1ರಂದು ಆರು ಸ್ಥಳೀಯ ಆಡಳಿತಗಳನ್ನು ಒಟ್ಟು ಹಾಕಿಯೇ ಈಗಿನ ರೂಪಕ್ಕೆ ತಂದರು. ಟೊರಾಂಟೊದ ಜನ ಬೇಡ ಅಂದರು. ಆದರೂ ಆಯಿತು. ಹೇಗೆ ಆಯಿತು ಅನ್ನುವುದೇ ಈ ಲೇಖನದ ತಿರುಳು.

ಊರು ಯಾರ ಕೈಕೂಸು?

ಕೆನಡಾದಲ್ಲಿ ಅಧಿಕಾರ ಮೂರು ಮೆಟ್ಟಿಲಲ್ಲಿದೆ. ಮೇಲೆ ಕೇಂದ್ರ, ಒಟ್ಟಾವಾದಲ್ಲಿ. ನಡುವೆ ಪ್ರಾಂತ್ಯಗಳು, ಹತ್ತು ಇವೆ. ಕೆಳಗೆ ಊರುಗಳು. ಪ್ರಾಂತ್ಯ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ. ಅದಕ್ಕೆ ಶಾಸನಸಭೆ ಇದೆ, ಮುಖ್ಯಮಂತ್ರಿ ಇದ್ದಾರೆ. ಅಲ್ಲಿ ಅವರನ್ನು ಪ್ರೀಮಿಯರ್ ಅನ್ನುತ್ತಾರೆ. ಒಂಟಾರಿಯೊ ಶಾಸನಸಭೆಯಲ್ಲಿ 124 ಸ್ಥಾನ. ಮೇಲ್ಮನೆ ಇಲ್ಲ. ಟೊರಾಂಟೊದ ಕ್ವೀನ್ಸ್ ಪಾರ್ಕ್‌ನಲ್ಲಿರುವ ಕೆಂಗುಲಾಬಿ ಕಲ್ಲಿನ ಕಟ್ಟಡದಲ್ಲಿ ಅದು ಸೇರುತ್ತದೆ. ನಾವು ವಿಧಾನಸೌಧ ಅಂದರೆ ಸರ್ಕಾರ ಅಂತ ಅರ್ಥ ಆಗುವ ಹಾಗೆ, ಅಲ್ಲಿ ಕ್ವೀನ್ಸ್ ಪಾರ್ಕ್ ಅಂದರೆ ಸಾಕು.

ಕೇಂದ್ರಕ್ಕೂ ಪ್ರಾಂತ್ಯಕ್ಕೂ ಅಧಿಕಾರ ಹಂಚಿಕೊಟ್ಟಿದ್ದು 1867ರ ಸಂವಿಧಾನ. ಅದರ 92ನೇ ಕಲಂನಲ್ಲಿ ಪ್ರಾಂತ್ಯಕ್ಕೆ ಸೇರಿದ ವಿಷಯಗಳ ಪಟ್ಟಿ ಇದೆ. ಎಂಟನೇ ಸಾಲಿನಲ್ಲಿ ಊರಿನ ಆಡಳಿತ ಸಂಸ್ಥೆಗಳು. ಅಷ್ಟೇ. ಊರಿಗೆ ತನ್ನದೇ ಅಧಿಕಾರ ಎಂದು ಸಂವಿಧಾನ ಏನನ್ನೂ ಬರೆದುಕೊಟ್ಟಿಲ್ಲ. ಪ್ರಾಂತ್ಯ ಕಾನೂನು ಮಾಡಿದರೆ ಊರು ಹುಟ್ಟುತ್ತದೆ. ಕಾನೂನು ಬದಲಿಸಿದರೆ ಊರು ಬೇರೆಯದರ ಜೊತೆ ಸೇರುತ್ತದೆ, ಇಲ್ಲ ಮಾಯವಾಗುತ್ತದೆ.

ಒಂದು ಮನೆಯ ಹೋಲಿಕೆ ಕೊಡುತ್ತೇನೆ. ಕೇಂದ್ರ ಮತ್ತು ಪ್ರಾಂತ್ಯ ಭಾಗ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ. ಪತ್ರ ಇದೆ, ರಿಜಿಸ್ಟರ್ ಆಗಿದೆ, ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಊರು ಮಾತ್ರ ಪ್ರಾಂತ್ಯದ ಮನೆಯಲ್ಲಿ ಬಾಡಿಗೆಗೆ ಇರುವವರ ಹಾಗೆ. ಅಡುಗೆ, ಕಸ, ದಿನದ ಖರ್ಚು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಮನೆ ಓನರ್ ಬಂದು ಗೋಡೆ ಒಡೆಯುತ್ತೇನೆ ಅಂದರೆ ತಡೆಯಲು ಪತ್ರ ಇಲ್ಲ.

ನಮ್ಮಲ್ಲಿ ಇದು ಸ್ವಲ್ಪ ಬೇರೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯಿಂದ ನಗರ ಸಂಸ್ಥೆಗಳ ಹೆಸರು ಸಂವಿಧಾನದೊಳಗೆ ಸೇರಿತು. ಐದು ವರ್ಷಕ್ಕೆ ಚುನಾವಣೆ ನಡೆಯಲೇಬೇಕು ಎಂದು ಬರೆದಿದೆ. ಬರೆದದ್ದೆಲ್ಲ ನಡೆಯುತ್ತದೆ ಅಂತಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಬಿಬಿಎಂಪಿ ಅನ್ನುವ ಹೆಸರೇ ಹೋಗಿ ಐದು ಪಾಲಿಕೆ ಆಗುವ ತನಕವೂ ಚುನಾವಣೆ ಆಗಲಿಲ್ಲ.

2010: ಪಕ್ಷದ ಬಣ್ಣ ಹಚ್ಚಿಕೊಳ್ಳುವ ಹೊತ್ತು

ಬ್ರಾಕ್‌ವಿಲ್ ಸುತ್ತಲ ಕ್ಷೇತ್ರದ ಹೆಸರು ಆಗ ಲೀಡ್ಸ್–ಗ್ರೆನ್ವಿಲ್. ಅಲ್ಲಿ 1981ರಿಂದ ಶಾಸಕರಾಗಿದ್ದ ಬಾಬ್ ರನ್ಸಿಮನ್ 2010ರ ಜನವರಿಯಲ್ಲಿ ಕೇಂದ್ರದ ಮೇಲ್ಮನೆಯಾದ ಸೆನೆಟ್‌ಗೆ ಹೋದರು. ಜಾಗ ಖಾಲಿ ಆಯಿತು. ಮಾರ್ಚ್ 4ರಂದು ಉಪಚುನಾವಣೆ ನಡೆಯಿತು. ಕ್ಲಾರ್ಕ್ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದಿಂದ ನಿಂತು ಗೆದ್ದರು. ಅಲ್ಲಿಂದ ಈಚೆಗೆ ಅದೇ ಕಡೆಯಿಂದ ಪ್ರತಿ ಸಲವೂ ಗೆಲ್ಲುತ್ತಾ ಬಂದಿದ್ದಾರೆ.

ಮೇಯರ್ ಆದವರು ಶಾಸಕರಾಗುವುದು ಒಂಟಾರಿಯೊದಲ್ಲಿ ಹಳೆಯ ಹಾದಿ. ನಾರ್ತ್ ಬೇ ಎಂಬ ಊರಿನ ಮೇಯರ್ ಆಗಿದ್ದ ವಿಕ್ ಫೆಡೆಲಿ 2011ರಲ್ಲಿ ಶಾಸಕರಾದರು, 2018ರಲ್ಲಿ ಹಣಕಾಸು ಮಂತ್ರಿಯಾದರು. ಪಕ್ಷಗಳಿಗೆ ಇಂಥವರು ಬೇಕು. ಊರಿನವರಿಗೆ ಹೆಸರು ಗೊತ್ತು, ಮುಖ ಗೊತ್ತು, ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತು. ಹೊಸದಾಗಿ ಪರಿಚಯ ಮಾಡಿಸುವ ಖರ್ಚಿಲ್ಲ. ಎಲ್ಲರೂ ಈ ಹಾದಿ ಹಿಡಿಯುವುದಿಲ್ಲ ಅನ್ನಿ. ಮಿಸ್ಸಿಸಾಗಾದ ಹೇಝಲ್ ಮೆಕ್ಯಾಲಿಯನ್ 1978ರಿಂದ 2014ರ ವರೆಗೆ, 36 ವರ್ಷ, ಮೇಯರ್ ಆಗಿಯೇ ಇದ್ದರು.

ಎರಡು ಹುದ್ದೆ ಒಟ್ಟಿಗೆ ಹಿಡಿಯುವಂತಿಲ್ಲ. ಪ್ರಾಂತ್ಯದ ಶಾಸಕರು ಊರಿನ ಕೌನ್ಸಿಲ್‌ನಲ್ಲಿ ಕೂರಲು ಕಾನೂನು ಬಿಡುವುದಿಲ್ಲ. ನಮ್ಮಲ್ಲಿ ಶಾಸಕರೂ ಸಂಸದರೂ ಪಾಲಿಕೆಯ ಸದಸ್ಯರೇ. ಮೇಯರ್ ಚುನಾವಣೆಯ ದಿನ ಬಂದು ಕೈ ಎತ್ತುತ್ತಾರೆ. ಅಲ್ಲಿಯವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ.

ಆದರೆ ಕೆಲಸದ ರೀತಿ ಪೂರ್ತಿ ಬದಲಾಗುತ್ತದೆ. ಮೇಯರ್‌ಗೆ ಪಕ್ಷ ಇಲ್ಲ, ಇವತ್ತು ಒಬ್ಬರ ಜೊತೆ, ನಾಳೆ ಇನ್ನೊಬ್ಬರ ಜೊತೆ ಸೇರಿ ಓಟು ಹೊಂದಿಸಬಹುದು. ಶಾಸಕರು ಸಾಮಾನ್ಯವಾಗಿ ಪಕ್ಷ ಹೇಳಿದ ಕಡೆಗೇ ಓಟು ಹಾಕುತ್ತಾರೆ. ಮೊದಲ ಎಂಟು ವರ್ಷ ಕ್ಲಾರ್ಕ್ ವಿರೋಧ ಪಕ್ಷದ ಬೆಂಚಿನಲ್ಲಿದ್ದರು. ಪ್ರಶ್ನೆ ಕೇಳಬಹುದು, ಗಲಾಟೆ ಮಾಡಬಹುದು, ತೀರ್ಮಾನ ಮಾಡುವಂತಿಲ್ಲ. 22ನೇ ವಯಸ್ಸಿಗೇ ಸಭೆ ನಡೆಸಿದವರಿಗೆ ಅದು ಬೇರೆಯದೇ ಪಾಠ.

2018: ಓನರ್ ಕಡೆಯ ಕುರ್ಚಿ

2018ರ ಜೂನ್‌ನಲ್ಲಿ ಡಗ್ ಫೋರ್ಡ್ ನಾಯಕತ್ವದಲ್ಲಿ ಪಕ್ಷ ಗೆದ್ದಿತು, ಫೋರ್ಡ್ ಪ್ರೀಮಿಯರ್ ಆದರು. ಕ್ಲಾರ್ಕ್ ಅವರಿಗೆ ಸಿಕ್ಕಿದ್ದು ಸ್ಥಳೀಯ ಆಡಳಿತ ಮತ್ತು ವಸತಿ ಖಾತೆ. ನಮ್ಮ ನಗರಾಭಿವೃದ್ಧಿ, ಪೌರಾಡಳಿತ, ವಸತಿ ಮೂರೂ ಒಂದೇ ಕಡೆ ಸೇರಿದ ಹಾಗೆ.

ಮೊದಲ ಪರೀಕ್ಷೆ ಎರಡು ತಿಂಗಳೊಳಗೇ ಬಂತು. ಟೊರಾಂಟೊ ನಗರ ತನ್ನ ವಾರ್ಡ್‌ಗಳನ್ನು 47ಕ್ಕೆ ಏರಿಸಿಕೊಂಡು ಅಕ್ಟೋಬರ್ ಚುನಾವಣೆಗೆ ತಯಾರಾಗುತ್ತಿತ್ತು. ಅಭ್ಯರ್ಥಿಗಳು ಆಗಲೇ ಪ್ರಚಾರ ಶುರು ಮಾಡಿದ್ದರು. ಜುಲೈ 27ರಂದು ಫೋರ್ಡ್ ಹೇಳಿದರು: ವಾರ್ಡ್ 47 ಇರುವುದಿಲ್ಲ, 25 ಇರುತ್ತದೆ. ಅದಕ್ಕೆ ಮಸೂದೆ ತಂದವರು ಸ್ಥಳೀಯ ಆಡಳಿತದ ಮಂತ್ರಿ ಕ್ಲಾರ್ಕ್. ಆಟ ಶುರುವಾದ ಮೇಲೆ ಅಂಕಣದ ಗೆರೆ ಬದಲಿಸಿದ ಹಾಗೆ ಆಯಿತು ಎಂದು ನಗರ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ನಗರದ ಪರ ನಿಂತಿತು. ಮೇಲಿನ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 25 ವಾರ್ಡ್‌ನಲ್ಲೇ ಚುನಾವಣೆ ಮುಗಿಯಿತು.

ಕಡೆಗೆ 2021ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಪ್ರಾಂತ್ಯದ ಪರ, ನಾಲ್ವರು ವಿರುದ್ಧ. ಸಂವಿಧಾನದಲ್ಲಿ ಊರಿಗೆ ಪ್ರತ್ಯೇಕ ಸ್ಥಾನ ಇಲ್ಲ, ಪ್ರಾಂತ್ಯ ಹೀಗೆ ಮಾಡಬಹುದು ಎಂದು ಬಹುಮತದ ತೀರ್ಪು. ಬಾಡಿಗೆ ಮನೆಯ ಹೋಲಿಕೆ ಕೊಟ್ಟೆನಲ್ಲ, ಅದಕ್ಕೆ ಕೋರ್ಟಿನ ಮುದ್ರೆಯೇ ಬಿತ್ತು.

ಎರಡನೆಯದು ಝೋನಿಂಗ್. ಜಾಗದ ಬಳಕೆ ತೀರ್ಮಾನಿಸುವುದು ಊರು ಎಂದೆ. ಆದರೆ ಮಂತ್ರಿಯ ಕೈಯಲ್ಲಿ ಒಂದು ವಿಶೇಷ ಆದೇಶ ಇದೆ. ಅದಕ್ಕೆ ಸಹಿ ಹಾಕಿದರೆ ಊರಿನ ನಿಯಮ ಪಕ್ಕಕ್ಕೆ. ಮೇಲ್ಮನವಿಯೂ ಇಲ್ಲ. ಹಿಂದೆ ಇದನ್ನು ಅಪರೂಪಕ್ಕೆ, ಸರಾಸರಿ ವರ್ಷಕ್ಕೊಂದರಂತೆ ಬಳಸುತ್ತಿದ್ದರು. 2019ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗಿನ ಎರಡು ವರ್ಷದಲ್ಲಿ 44 ಆದೇಶ ಬಂದವು ಎಂದು ಪ್ರಾಂತ್ಯದ ಲೆಕ್ಕ ಪರಿಶೋಧಕರು ಬರೆದರು. ಮನೆ ಬೇಗ ಕಟ್ಟಬೇಕು, ಊರಿನ ಪ್ರಕ್ರಿಯೆ ನಿಧಾನ ಅನ್ನುವುದು ಸರ್ಕಾರದ ವಾದ. ಎಷ್ಟೋ ಆದೇಶಗಳನ್ನು ಊರಿನ ಕೌನ್ಸಿಲ್‌ಗಳೇ ಕೇಳಿದ್ದವು ಎಂದೂ ಅದು ಹೇಳಿತು.

ಮೂರನೆಯದು ಬಲಿಷ್ಠ ಮೇಯರ್ ಕಾನೂನು. ಮೇಯರ್‌ಗೆ ಒಂದೇ ಓಟು ಎಂದೆನಲ್ಲ? 2022ರಲ್ಲಿ ಅದು ಬದಲಾಯಿತು, ಮೊದಲು ಟೊರಾಂಟೊ ಮತ್ತು ಒಟ್ಟಾವಾ ನಗರಗಳಲ್ಲಿ. ಬಜೆಟ್ ತಯಾರಿಸುವುದು ಮೇಯರ್. ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸುವುದು ಮೇಯರ್. ಪ್ರಾಂತ್ಯದ ಆದ್ಯತೆಗೆ ಅಡ್ಡ ಬರುವ ಕೆಲವು ನಿಯಮಗಳನ್ನು ಕೌನ್ಸಿಲ್ ಪಾಸು ಮಾಡಿದರೂ ಮೇಯರ್ ತಡೆಯಬಹುದು. ಆ ತಡೆ ಮುರಿಯಲು ಕೌನ್ಸಿಲ್‌ನ ಮೂರನೇ ಎರಡು ಭಾಗ ಬೇಕು. ಆಮೇಲೆ ಇನ್ನೊಂದು ಸೇರಿಸಿದರು: ವಸತಿಯಂಥ ವಿಷಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರು ಜೊತೆಗಿದ್ದರೆ ಸಾಕು, ಮೇಯರ್ ನಿಯಮ ತರಬಹುದು. ಅಂದರೆ ಬಹುಮತ ಬೇಕಿಲ್ಲ.

ಒಂದೇ ಓಟು ಇಟ್ಟುಕೊಂಡು ಒಂಬತ್ತು ವರ್ಷ ಊರು ನಡೆಸಿದ ಮೇಯರ್, ಮಂತ್ರಿಯಾಗಿ ತಂದ ಕಾನೂನು ಇದು. ತಾವು ಪಟ್ಟ ಪಾಡನ್ನು ಮುಂದಿನವರು ಪಡದಿರಲಿ ಎಂದೋ, ಪ್ರಾಂತ್ಯದ ಗುರಿಗೆ ಮೇಯರ್‌ಗಳು ಬೇಗ ಹೆಗಲು ಕೊಡಲಿ ಎಂದೋ? ಕಾನೂನಿನ ಪಠ್ಯ ಎರಡನೆಯದನ್ನೇ ಹೆಚ್ಚು ಹೇಳುತ್ತದೆ. ಕೌನ್ಸಿಲ್ ನಿಯಮ ತಡೆಯುವ, ಬಹುಮತ ಇಲ್ಲದೆ ನಿಯಮ ತರುವ ಬಲ ಮೇಯರ್‌ಗೆ ಸಿಗುವುದು ಪ್ರಾಂತ್ಯ ಗುರುತಿಸಿದ ಆದ್ಯತೆಗಳ ಮಟ್ಟಿಗೆ ಮಾತ್ರ.

ಗ್ರೀನ್‌ಬೆಲ್ಟ್: ಎರಡು ಪೊಟ್ಟಣ ಮತ್ತು 7,400 ಎಕರೆ

ಟೊರಾಂಟೊ ಸುತ್ತ ಸುಮಾರು 20 ಲಕ್ಷ ಎಕರೆ ಹೊಲ, ಕಾಡು, ಜೌಗು ನೆಲವನ್ನು ಕಟ್ಟಡ ಕಟ್ಟಬಾರದು ಎಂದು ಕಾಯ್ದಿಟ್ಟಿದ್ದಾರೆ. 2005ರಲ್ಲಿ ಆದ ಕಾನೂನು. ಹೆಸರೇ ಗ್ರೀನ್‌ಬೆಲ್ಟ್. ನಮ್ಮ ಕಡೆಯವರಿಗೆ ಈ ಪದ ಚೆನ್ನಾಗಿ ಗೊತ್ತು. ಗ್ರೀನ್‌ಬೆಲ್ಟ್ ಜಾಗದ ಎಕರೆಗೆ ಒಂದು ಬೆಲೆ, ಅದೇ ಜಾಗ ಪರಿವರ್ತನೆ ಆಗಿ ಲೇಔಟ್ ಆದರೆ ಇನ್ನೊಂದು ಬೆಲೆ. ಮಣ್ಣು ಅದೇ, ಬೇಲಿ ಅದೇ. ಬದಲಾಗುವುದು ಒಂದು ಕಾಗದ. ಆ ಕಾಗದ ಬರುತ್ತದೆ ಎಂದು ಯಾರಿಗೆ ಮೊದಲು ಗೊತ್ತಾಗುತ್ತದೋ ಅವರಿಗೆ ಲಾಭ.

ಹತ್ತು ವರ್ಷದಲ್ಲಿ 15 ಲಕ್ಷ ಮನೆ ಕಟ್ಟಿಸುತ್ತೇವೆ ಎಂದು ಸರ್ಕಾರ ಗುರಿ ಇಟ್ಟಿತ್ತು. ಮನೆಯ ಬೆಲೆ, ಬಾಡಿಗೆ ಎರಡೂ ಜನರ ಕೈಗೆ ಸಿಗದಷ್ಟು ಏರಿದ್ದವು. 2022ರ ನವೆಂಬರ್‌ನಲ್ಲಿ ಕ್ಲಾರ್ಕ್ ಖಾತೆಯಿಂದ ಪ್ರಸ್ತಾವ ಬಂತು: 15 ಕಡೆಗಳಲ್ಲಿ ಸುಮಾರು 7,400 ಎಕರೆ ಗ್ರೀನ್‌ಬೆಲ್ಟ್‌ನಿಂದ ಹೊರಗೆ, ಬದಲಿಗೆ ಬೇರೆ ಕಡೆ 9,400 ಎಕರೆ ಒಳಗೆ. ಹೊರಗೆ ಬಂದ ಜಾಗದಲ್ಲಿ ಕನಿಷ್ಠ 50,000 ಮನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಡಿನೋಟಿಫಿಕೇಷನ್.

ಆ 15 ಜಾಗ ಆರಿಸಿದ್ದು ಹೇಗೆ? ಪ್ರಾಂತ್ಯದ ಲೆಕ್ಕ ಪರಿಶೋಧಕರಾಗಿದ್ದ ಬಾನಿ ಲೈಸಿಕ್ ಇದನ್ನು ತನಿಖೆ ಮಾಡಿದರು. ನಮ್ಮ ಸಿಎಜಿ ಥರದ ಹುದ್ದೆ ಅದು. 2023ರ ಆಗಸ್ಟ್ 9ರಂದು ಅವರ ವರದಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಬಿಲ್ಡರ್‌ಗಳ ಸಂಘದ ಒಂದು ಊಟದ ಕಾರ್ಯಕ್ರಮ ನಡೆದಿತ್ತು. ಅಲ್ಲಿ ಇಬ್ಬರು ದೊಡ್ಡ ಬಿಲ್ಡರ್‌ಗಳು ಮಂತ್ರಿಯ ಕಚೇರಿ ಮುಖ್ಯಸ್ಥರ ಕೈಗೆ ಒಂದೊಂದು ಪೊಟ್ಟಣ ಕೊಟ್ಟರು. ಒಳಗಿದ್ದದ್ದು ದುಡ್ಡಲ್ಲ, ಗ್ರೀನ್‌ಬೆಲ್ಟ್‌ನಿಂದ ತಮ್ಮ ಜಾಗ ತೆಗೆಯಿರಿ ಎಂಬ ಕಾಗದಪತ್ರ. ಕೊನೆಗೆ ಹೊರಗೆ ಬಂದ ಭೂಮಿಯಲ್ಲಿ ಶೇಕಡ 92ರಷ್ಟಕ್ಕೆ ಆ ಇಬ್ಬರ ಜೊತೆ ನಂಟಿತ್ತು. ಅಧಿಕಾರಿಗಳ ತಂಡಕ್ಕೆ ಸಿಕ್ಕಿದ್ದು ಮೂರು ವಾರ. ಗುಟ್ಟು ಬಿಡುವುದಿಲ್ಲ ಎಂದು ಅವರಿಂದ ಬರೆಸಿಕೊಂಡಿದ್ದರು. ಜಾಗಗಳ ಪಟ್ಟಿ ಬಹುಪಾಲು ಬಂದದ್ದು ಕಚೇರಿ ಮುಖ್ಯಸ್ಥರಿಂದ. ಜಾಗದ ಮಾಲೀಕರಿಗೆ ಇದರಿಂದ ಆಗಬಹುದಾದ ಬೆಲೆ ಏರಿಕೆ 828 ಕೋಟಿ ಡಾಲರ್ ಎಂದು ವರದಿ ಅಂದಾಜು ಕೊಟ್ಟಿತು.

ಎರಡನೇ ವರದಿ ಆಗಸ್ಟ್ 30ಕ್ಕೆ ಬಂತು. ಬರೆದವರು ಇಂಟೆಗ್ರಿಟಿ ಕಮಿಷನರ್ ಡೇವಿಡ್ ವೇಕ್. ಶಾಸಕರ ನಡತೆ ನೋಡುವ ಸ್ವತಂತ್ರ ಅಧಿಕಾರಿ ಅವರು. ನಮಗೆ ಲೋಕಾಯುಕ್ತ ನೆನಪಾಗುತ್ತದೆ, ಆದರೆ ಎರಡೂ ಒಂದೇ ಅಲ್ಲ. ಇವರ ಬಳಿ ಪೊಲೀಸರಿಲ್ಲ, ದಾಳಿ ಇಲ್ಲ. ತನಿಖೆ ಮಾಡಿ ಶಾಸನಸಭೆಗೆ ಶಿಫಾರಸು ಮಾಡುತ್ತಾರೆ. ವಿರೋಧ ಪಕ್ಷದ ಮಾರಿಟ್ ಸ್ಟೈಲ್ಸ್ ಕೊಟ್ಟ ದೂರಿನ ಮೇಲೆ ಅವರು ವಿಚಾರಣೆ ನಡೆಸಿದ್ದರು. ಕ್ಲಾರ್ಕ್ ಶಾಸಕರ ನಡತೆ ಕಾಯ್ದೆಯ ಎರಡು ಕಲಂ ಮುರಿದಿದ್ದಾರೆ, ಸದನ ಅವರಿಗೆ ವಾಗ್ದಂಡನೆ ವಿಧಿಸಬೇಕು ಎಂದು ಹೇಳಿದರು.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ಹಿಡಿಯಬೇಕು. ಕ್ಲಾರ್ಕ್ ಸ್ವಂತಕ್ಕೆ ದುಡ್ಡು ಮಾಡಿಕೊಂಡರು ಎಂದು ವರದಿ ಹೇಳಲಿಲ್ಲ. ಅಷ್ಟು ದೊಡ್ಡ ತೀರ್ಮಾನ ತಮ್ಮದೇ ಕಚೇರಿಯಲ್ಲಿ ತಯಾರಾಗುತ್ತಿದ್ದಾಗ ಅದರ ಮೇಲೆ ಕಣ್ಣಿಡಲಿಲ್ಲ, ಅದರಿಂದ ಕೆಲವು ಬಿಲ್ಡರ್‌ಗಳಿಗೆ ಮುಂಚೆಯೇ ಸುಳಿವು ಸಿಕ್ಕಿ ಅವರ ಹಿತಕ್ಕೆ ಅನುಚಿತವಾಗಿ ಅನುಕೂಲವಾಯಿತು ಎನ್ನುವುದು ವರದಿಯ ಸಾರ. ನೋಡದೆ ಬಿಟ್ಟದ್ದೇ ತಪ್ಪು ಎಂದಾಯಿತು. ಒಂದು ಕಾಲಕ್ಕೆ ಟೌನ್‌ಶಿಪ್‌ನಲ್ಲಿ ಫೈಲು ನೋಡುವ ಕೆಲಸವನ್ನೇ ಮಾಡಿದವರ ಮೇಲೆ ಬಂದ ತೀರ್ಮಾನ ಇದು. ಓದುವಾಗ ನನಗೆ ಅದೇ ಮನಸ್ಸಿಗೆ ನಾಟಿತು.

ಕಚೇರಿ ಮುಖ್ಯಸ್ಥರು ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಸೆಪ್ಟೆಂಬರ್ 4ರಂದು ಕ್ಲಾರ್ಕ್ ಮಂತ್ರಿಗಿರಿ ಬಿಟ್ಟರು. ಸೆಪ್ಟೆಂಬರ್ 21ರಂದು ಫೋರ್ಡ್ ಕ್ಷಮೆ ಕೇಳಿ, ತೆಗೆದ ಜಾಗವನ್ನೆಲ್ಲ ವಾಪಸ್ ಸೇರಿಸುತ್ತೇವೆ ಎಂದರು. ಡಿಸೆಂಬರ್‌ನಲ್ಲಿ ಅದಕ್ಕೆ ಕಾನೂನು ಆಯಿತು. ನಡುವೆ ಅಕ್ಟೋಬರ್‌ನಲ್ಲಿ ಕೆನಡಾದ ಕೇಂದ್ರ ಪೊಲೀಸರು ಈ ಪ್ರಕರಣದ ಬಗ್ಗೆ ತನಿಖೆ ಶುರು ಮಾಡಿದರು.

ಮಂತ್ರಿಗಿರಿ ಹೋಯಿತು, ಕ್ಷೇತ್ರ ಉಳಿಯಿತು

ಮಂತ್ರಿ ಸ್ಥಾನ ಬಿಡುವುದು ಬೇರೆ, ಶಾಸಕ ಸ್ಥಾನ ಬಿಡುವುದು ಬೇರೆ. ಮಂತ್ರಿ ಮಾಡುವುದು ಪ್ರೀಮಿಯರ್, ಶಾಸಕರನ್ನು ಮಾಡುವುದು ಕ್ಷೇತ್ರದ ಜನ. ಕ್ಲಾರ್ಕ್ ಹಿಂದಿನ ಬೆಂಚಿಗೆ ಹೋಗಿ ಕೂತರು. ಒಂಬತ್ತು ತಿಂಗಳ ಮೇಲೆ, 2024ರ ಜೂನ್‌ನಲ್ಲಿ, ಫೋರ್ಡ್ ಅವರನ್ನು ಸರ್ಕಾರದ ಸದನ ನಾಯಕ ಎಂದು ವಾಪಸ್ ಕರೆದರು. ಯಾವ ಮಸೂದೆ ಯಾವಾಗ ಚರ್ಚೆಗೆ ಬರಬೇಕು, ಎಷ್ಟು ಹೊತ್ತು, ವಿರೋಧ ಪಕ್ಷದ ಜೊತೆ ಮಾತುಕತೆ ಏನು, ಇದೆಲ್ಲ ನೋಡುವ ಕೆಲಸ. ನಮ್ಮಲ್ಲಿ ಸಂಸದೀಯ ವ್ಯವಹಾರಗಳ ಮಂತ್ರಿ ಮಾಡುವುದು ಇದನ್ನೇ. 2025ರ ಫೆಬ್ರವರಿ 27ರ ಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು.

ಅವರು ತಂದ ಕಾನೂನುಗಳು ಅವರು ಬಿಟ್ಟ ಮೇಲೂ ಬೆಳೆಯುತ್ತಿವೆ. ಬಲಿಷ್ಠ ಮೇಯರ್ ಅಧಿಕಾರವನ್ನು 2025ರ ಮೇ 1ರಿಂದ ಇನ್ನೂ 169 ಊರುಗಳಿಗೆ ಕೊಟ್ಟರು. ಈಗ 444ರಲ್ಲಿ 216 ಕಡೆ ಅದು ಇದೆ. ಕೆಲವು ಸಣ್ಣ ಊರುಗಳ ಮೇಯರ್‌ಗಳು ನಮಗೆ ಇದು ಬೇಡ, ಕೌನ್ಸಿಲ್ ಜೊತೆ ಮಾತಾಡಿ ಮಾಡುವುದೇ ಸರಿ ಎಂದಿದ್ದಾರೆ. ಬೇಡ ಎಂದರೂ ಕಾನೂನು ಹೋಗುವುದಿಲ್ಲ, ಕೆಲವು ಅಧಿಕಾರಗಳನ್ನು ಕೌನ್ಸಿಲ್‌ಗೆ, ಸಿಬ್ಬಂದಿಗೆ ವಹಿಸಿಕೊಡಬಹುದು ಅಷ್ಟೇ.

ಹಾಗಾಗಿ ಅಕ್ಟೋಬರ್ 26ಕ್ಕೆ ಓಟು ಹಾಕುವವರು ಒಂದು ವಿಷಯ ಮೊದಲೇ ನೋಡಿಕೊಂಡರೆ ಒಳ್ಳೆಯದು: ನಿಮ್ಮ ಊರು ಆ 216ರಲ್ಲಿ ಇದೆಯೋ ಇಲ್ಲವೋ. ಇದ್ದರೆ, ಬಜೆಟ್ ಬರೆಯುವ ಕೈಯನ್ನೇ ನೀವು ಆರಿಸುತ್ತಿದ್ದೀರಿ. ಇಲ್ಲದಿದ್ದರೆ, ಕೌನ್ಸಿಲ್‌ನಲ್ಲಿ ಒಂದು ಓಟು ಇರುವವರನ್ನು ಆರಿಸುತ್ತಿದ್ದೀರಿ, ಆಗ ಮೇಯರ್‌ನಷ್ಟೇ ಗಮನ ಕೌನ್ಸಿಲ್ ಸದಸ್ಯರ ಮೇಲೂ ಇರಬೇಕು. ಮತಪತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಾಲಾಗಿ ಹೆಸರುಗಳು, ಪಕ್ಷ ಇಲ್ಲ, ಚಿಹ್ನೆ ಇಲ್ಲ. 1982ರಲ್ಲಿ ಬ್ರಾಕ್‌ವಿಲ್‌ನ ಜನ 22 ವರ್ಷದ ಹುಡುಗನನ್ನು ಆರಿಸಿದ ದಿನ ಇದ್ದ ಹಾಗೆಯೇ.